ಅತ್ತೆಯ ಮುಸ್ಪೇಲು

ಮೊನ್ನೆ ಮೊಮ್ಮಗ ಟಿ.ವಿ.ಯಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡುತ್ತಿದ್ದ. ಸುತ್ತಿಗೆ ಹಿಡಿದ ವೀರನೊಬ್ಬ ಬೆಂಕಿಯ ಲೋಕದ ನಡುವೆ ನಿಂತಿದ್ದ. ಅವನ ಎದುರಿಗೆ ಕೆಂಡದ ಮೈಯ, ಕೊಂಬಿನ ಕಿರೀಟದ ದೈತ್ಯ. "ಅಜ್ಜಿ, ಇದು ಯಾವ ಲೋಕ ಅಂತ ಗೊತ್ತುಂಟಾ?" ಎಂದು ಸುಮ್ಮನೆ ಕೆಣಕಿದ. "ಮುಸ್ಪೆಲ್‌ಹೈಮ್" ಎಂದೆ. ಅವನು ಟಿ.ವಿ. ಬಿಟ್ಟು ನನ್ನ ಮುಖ ನೋಡತೊಡಗಿದ. ಮೊಣಕಾಲು ನೋವಿನ ನೆಪ ಹೇಳಿ ನಾನು ಒಳಗೆ ಹೋದೆ. ಆ ಹೆಸರನ್ನು ನಾನು ಕಲಿತದ್ದು ಅರುವತ್ತರ ದಶಕದ ನಡುವಿನಲ್ಲಿ, ಪಂಜದ ಮನೆಯ ಜಗಲಿಯಲ್ಲಿ ಕೂತು, ಅಂಗಳದಲ್ಲಿ ಒಣಗಲಿಟ್ಟ ಹಲಸಿನ ಹಪ್ಪಳವನ್ನು ಕಾಗೆ ಮುಟ್ಟದಂತೆ ಕಾಯುತ್ತಿದ್ದಾಗ.

ನನ್ನ ತವರು ಪುತ್ತೂರಿನ ಹತ್ತಿರದ ಕಬಕ. ನಮ್ಮ ಮನೆಮಾತು ತುಳು. ಎಸ್ಸೆಸ್ಸೆಲ್ಸಿ ಪಾಸಾದ ಮರುವರ್ಷವೇ ಮದುವೆಯಾಗಿ ಪಂಜಕ್ಕೆ ಬಂದೆ. ಗಂಡನ ಮನೆಯಲ್ಲಿ ಅರೆಭಾಷೆ. ನನಗೆ ಮೊದಮೊದಲು ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಮುಖ ನೋಡಿ ಊಹಿಸಬೇಕಿತ್ತು. ಅತ್ತೆ ನನ್ನ ಅನುಕೂಲಕ್ಕೆಂದು ಕನ್ನಡದಲ್ಲಿ ಮಾತಾಡುತ್ತಿದ್ದರು. ನಾವು 'ಉಂಟು' ಎನ್ನುವಲ್ಲಿ ಅವರ 'ಉಟ್ಟು' ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಮಾತು ಕಡಿಮೆಯ ಹೆಂಗಸು. ಸಿಟ್ಟಿನವರೇನಲ್ಲ. ಆದರೂ ಅವರ ಹತ್ತಿರ ಕೂತರೆ ಬಾಗಿಲು ಅರ್ಧ ಮುಚ್ಚಿದ ಮನೆಯ ಮುಂದೆ ನಿಂತ ಹಾಗೆ ನನಗೆ ಅನ್ನಿಸುತ್ತಿತ್ತು.

ಮಾವ, ಅತ್ತೆ, ನನ್ನ ಗಂಡ ಮತ್ತು ನಾನು ಮನೆಯಲ್ಲಿದ್ದವರು. ಮೈದುನ ಬೊಂಬಾಯಿಯಲ್ಲಿ, ಬಂದರಿನ ಪಕ್ಕದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಹೆಚ್ಚು ಕಡಿಮೆ ನನ್ನದೇ ವಯಸ್ಸು. ಅಲ್ಲಿಗೆ ಊಟಕ್ಕೆ ಬರುವ ವಿದೇಶೀ ಹಡಗಿನವರು ಓದಿ ಮೇಜಿನ ಮೇಲೆ ಬಿಟ್ಟುಹೋದ ಚಿತ್ರಕಥೆಯ ಪುಸ್ತಕಗಳನ್ನು ಅವನು ಪೆಟ್ಟಿಗೆಯಲ್ಲಿ ಜೋಪಾನ ಮಾಡುತ್ತಿದ್ದ. ಬೇಸಿಗೆಯಲ್ಲಿ ಊರಿಗೆ ಬಂದವನು ಆ ಸಲ ಅದರಲ್ಲಿ ಕೆಲವನ್ನು ನನ್ನ ಕೈಗಿಟ್ಟ. "ಅತ್ತಿಗೆ, ನಾನು ಚಿತ್ರ ಮಾತ್ರ ನೋಡುದು. ನಿಮಗೆ ಇಂಗ್ಲಿಷ್ ಬರ್ತದೆ. ಓದಿ ಇಡಿ, ಮುಂದಿನ ಸಲ ಬಂದಾಗ ನನಗೆ ಕಥೆ ಹೇಳಬೇಕು" ಎಂದು ಹೇಳಿ, ರಜೆ ಮುಗಿಸಿ ಹೋದ.

ನನ್ನ ಇಂಗ್ಲಿಷು ಶಾಲೆಯ ಇಂಗ್ಲಿಷು. ಒಂದೊಂದೇ ಶಬ್ದವನ್ನು ಬಿಡಿಸಿ ಓದಬೇಕು. ಒಂದು ಮಧ್ಯಾಹ್ನ ಹಾಗೆ ಓದುತ್ತಿದ್ದಾಗ ಹಪ್ಪಳ ಮಗುಚುತ್ತಿದ್ದ ಅತ್ತೆ ಕೇಳಿದರು.

"ಅದು ಎಂತ ಪುಸ್ತಕ?"

"ಉತ್ತರದ ಯಾವುದೋ ದೇಶದ ದೇವರುಗಳ ಕಥೆ ಅತ್ತೆ. ಇವನು ಗುಡುಗಿನ ದೇವರು. ಸುತ್ತಿಗೆ ಇವನ ಆಯುಧ."

"ನಮ್ಮ ಇಂದ್ರನ ಹಾಗೆ" ಎಂದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತರು. ನಾನು ಪುಟ ಮಗುಚಿದೆ. ಆ ಪುಟದಲ್ಲಿ ಬೆಂಕಿಯ ಲೋಕವಿತ್ತು. ಕೆಂಪು, ಕಿತ್ತಳೆ, ಹಳದಿ ಬಣ್ಣ ಪುಟದ ಅಂಚಿನವರೆಗೂ ತುಂಬಿತ್ತು. ಬೆಂಕಿಯ ಗುಡ್ಡ, ಬೆಂಕಿಯ ಹೊಳೆ, ನಡುವೆ ಕತ್ತಿ ಹಿಡಿದು ನಿಂತ ದೈತ್ಯ ಅರಸ, ಅವನ ಹಿಂದೆ ನಾಲಗೆ ಚಾಚಿದ ಜ್ವಾಲೆಯಂತಹ ಪ್ರಜೆಗಳು. ಹೆಸರನ್ನು ಓದಲು ನಾನು ತುಂಬ ಒದ್ದಾಡಿದೆ. ಅತ್ತೆಯ ಬಾಯಲ್ಲಿ ಅದು ಒಮ್ಮೆಗೇ 'ಮುಸ್ಪೇಲು' ಆಯಿತು, ಬಳ್ಪದ ಆಚೆಗೋ ಗುತ್ತಿಗಾರಿನ ಈಚೆಗೋ ಇರುವ ಒಂದು ಸಣ್ಣ ಊರಿನ ಹಾಗೆ.

"ಅಲ್ಲಿಯವರಿಗೆ ಸುಡುದಿಲ್ವಾ?"

"ಅವರ ಮೈಯೇ ಬೆಂಕಿ ಅಂತೆ. ಅವರಿಗೆ ಸುಡುದಿಲ್ಲ."

"ನೋವು?"

"ನೋವೂ ಇಲ್ಲ."

ಬಿಸಿಲಿನಲ್ಲಿ ಹಪ್ಪಳದ ಅಂಚು ಮುರುಟುತ್ತಿತ್ತು, ಅದನ್ನು ಮಗುಚುವುದು ಅತ್ತೆಗೆ ನೆನಪಾಗಲಿಲ್ಲ.

ಅಂದಿನಿಂದ ಮಧ್ಯಾಹ್ನದ ಕೆಲಸ ಮುಗಿದರೆ "ಆ ಪುಸ್ತಕ ತಾ" ಎನ್ನುವರು. ಗುಡುಗಿನ ದೇವರ ಪರಾಕ್ರಮ ಅವರಿಗೆ ಬೇಡ. ಅವನ ಅಪ್ಪನ ಚಿನ್ನದ ಅರಮನೆಯ ಪುಟ ಬಂದರೆ "ಮುಂದೆ ಹೋಗು" ಎನ್ನುವರು. ಮುಸ್ಪೇಲಿನ ಪುಟಕ್ಕೆ ಬಂದರೆ ಮಾತ್ರ ಪ್ರಶ್ನೆಗಳು. ಅಲ್ಲಿ ಅನ್ನ ಬೇಯಿಸುವವರು ಯಾರು? ಮಳೆ ಬರುವುದಿಲ್ಲವಾ? ಇಲ್ಲಿಂದ ಹೋದವರು ಅಲ್ಲಿ ಬದುಕಬಹುದಾ? ನನಗೆ ನಗು ಬರುತ್ತಿತ್ತು, ಖುಷಿಯೂ ಆಗುತ್ತಿತ್ತು. ಅರ್ಧ ಮುಚ್ಚಿದ ಬಾಗಿಲು ತೆರೆದಿತ್ತಲ್ಲ. ಪುಸ್ತಕದಲ್ಲಿಲ್ಲದ ಉತ್ತರಗಳನ್ನು ನಾನೇ ಹೊಂದಿಸಿ ಹೇಳುತ್ತಿದ್ದೆ.

ಒಂದು ದಿನ ಕೇಳಿದರು: "ಅಲ್ಲಿ ಮಕ್ಕಳು ಇದ್ದಾವಾ?"

ನಾನು ಚಿತ್ರವನ್ನೆಲ್ಲ ಹುಡುಕಿದೆ. ದೈತ್ಯನ ಕಾಲಿನ ಹತ್ತಿರ, ಮೂಲೆಯಲ್ಲಿ, ಒಂದು ಸಣ್ಣ ಜ್ವಾಲೆ ಇತ್ತು. ನೋಡಿದರೆ ತಲೆ, ಎರಡು ಕೈ ಇರುವ ಹಾಗೆ ಕಾಣುತ್ತಿತ್ತು. "ಇಲ್ಲಿ ಒಂದು ಸಣ್ಣದು ಉಂಟು ಅತ್ತೆ" ಎಂದೆ. ಅವರು ಬಗ್ಗಿ ನೋಡಿದರು. ಬೆರಳ ತುದಿಯಿಂದ ಅದನ್ನು ಮೆಲ್ಲಗೆ ಮುಟ್ಟಿದರು. "ಉಟ್ಟು" ಎಂದರು. "ನಿಂತಿದೆ."

ಚಾವಡಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಮಾವ ಅದನ್ನು ಕೇಳಿಸಿಕೊಂಡರು. ಅವರು ಎದ್ದು, ಅಡಿಕೆ ಹಾಳೆಯ ಮುಟ್ಟಾಳೆಯನ್ನು ತಲೆಗಿಟ್ಟುಕೊಂಡು, ನಮ್ಮ ಕಡೆ ನೋಡದೆ ಗದ್ದೆಯ ಕಡೆ ಇಳಿದು ಹೋದರು. ಆ ಉರಿಬಿಸಿಲಿಗೆ ಗದ್ದೆಯಲ್ಲಿ ಏನೂ ಕೆಲಸ ಇರಲಿಲ್ಲ.

ಆ ವಾರ ನಾನೂ ಗಂಡನೂ ತವರಿಗೆ ಹೊರಟು ಪಂಜದಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಮಾವ ಎದ್ದು ಹೋದ ವಿಷಯ ಹೇಳಿದೆ. ಗಂಡ ರಸ್ತೆಯನ್ನೇ ನೋಡುತ್ತ ಹಳೆಯ ಸಂಗತಿ ಹೇಳಿದರು.

ಈಗಿನ ಹಂಚಿನ ಮನೆಯ ಜಾಗದಲ್ಲಿ ಮೊದಲು ಮುಳಿಹುಲ್ಲು ಹೊದೆಸಿದ ಮಾಡಿನ ಮನೆ ಇತ್ತು. ನನ್ನ ಗಂಡನಿಗೂ ಮೈದುನನಿಗೂ ನಡುವೆ ಒಬ್ಬಳು ಮಗಳಿದ್ದಳು. ಅವಳಿಗೆ ಆರೇಳು ವರ್ಷ, ಮೈದುನ ಆಗ ತೊಟ್ಟಿಲಿನ ಮಗು. ಬೇಸಿಗೆಯ ಒಂದು ದಿನ ಬಚ್ಚಲು ಕೊಟ್ಟಿಗೆಯ ಒಲೆಯ ಕಿಡಿ ಗಾಳಿಗೆ ಹಾರಿ ಮಾಡಿಗೆ ಬಿತ್ತು. ಗಂಡಸರು ಯಾರೂ ಮನೆಯಲ್ಲಿ ಇರಲಿಲ್ಲ. ಅತ್ತೆ ತೊಟ್ಟಿಲಿನ ಮಗುವನ್ನು ಎತ್ತಿಕೊಂಡು, ಮಗಳಿಗೆ "ಬಾ, ಹಿಂದೆಯೇ ಬಾ" ಎಂದು ಕೂಗಿ ಅಂಗಳಕ್ಕೆ ಓಡಿದರು. ಮಗಳು ಹಿಂದೆಯೇ ಬಂದಿದ್ದಳು, ಹೊಸ್ತಿಲವರೆಗೆ. ಅಲ್ಲಿಂದ ಏಕೆ ಮತ್ತೆ ಒಳಗೆ ಹೋದಳೆಂದು ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ತಿರುಗಿ ನೋಡುವಾಗ ಮಾಡು ಕುಸಿದಿತ್ತು.

"ಆಮೇಲೆ ಅಪ್ಪ ಅವಳ ಸುದ್ದಿ ಎತ್ತಲಿಲ್ಲ" ಎಂದರು ಗಂಡ. "ಅಪ್ಪ ಎತ್ತದ ಮೇಲೆ ಅವ್ವನೂ ಎತ್ತಲಿಲ್ಲ. ನಾನೂ ಹಾಗೆಯೇ. ತಮ್ಮನಿಗೆ ಅಕ್ಕ ಒಬ್ಬಳು ಇದ್ದಳು ಅಂತಲೂ ಗೊತ್ತಿಲ್ಲ."

"ಅವನಿಗೆ ಹೇಳುದಿಲ್ವಾ?"

"ಏನು ಅಂತ ಹೇಳುದು? ನಿನ್ನನ್ನು ಎತ್ತಿಕೊಂಡದ್ದಕ್ಕೆ ಅವಳು ಹೋದಳು ಅಂತ ಹೇಳುದಾ?"

ಬಸ್ಸು ಬಂತು.

ತವರಿನಿಂದ ಬಂದ ಮೇಲೆ ನಾನು ಮೊದಲಿನಂತೆಯೇ ಓದಿ ಹೇಳಿದೆ. ಅತ್ತೆ ಈಗ ಆ ಸಣ್ಣ ಜ್ವಾಲೆಯ ಸುದ್ದಿಯನ್ನು ಮಾತಾಡುತ್ತ ಮಾತಾಡುತ್ತ ಬೇರೆಯೇ ಒಂದು ಕಥೆ ಮಾಡಿಕೊಂಡಿದ್ದರು. ಅದು ಬೆಂಕಿಯ ಹೊಳೆಯ ಬದಿಯಲ್ಲಿ ಆಡುತ್ತದೆ, ಅದಕ್ಕೆ ಜೊತೆಗಾರರು ಇದ್ದಾರೆ, ರಾಜ ನೋಡಲು ಹಾಗೆ ಕಂಡರೂ ಮಕ್ಕಳಿಗೆ ಬೈಯುವವನಲ್ಲ. ನಾನು ಹೂಂ ಎನ್ನುತ್ತಿದ್ದೆ. ಆ ಮಳೆಗಾಲದಲ್ಲಿ ಮಾವ ಜ್ವರ ಬಂದು ತೀರಿಕೊಂಡರು. ಹಾಸಿಗೆಯಲ್ಲಿದ್ದಾಗ ಒಂದೆರಡು ಸಲ ಅತ್ತೆಯನ್ನು ಹತ್ತಿರ ಕರೆದರು. ಅತ್ತೆ ಹೋಗಿ ಕೂತರು. ಮಾವ ಏನೋ ಹೇಳಲು ಹೊರಟು, "ಗಂಜಿ ಬೇಡ" ಎಂದಷ್ಟೇ ಹೇಳಿದರು.

ಮರುವರ್ಷದ ಬೇಸಿಗೆಯಲ್ಲಿ ಮೈದುನ ಮತ್ತೆ ರಜೆಗೆ ಬಂದ. ಬಂದ ದಿನವೇ ಊಟಕ್ಕೆ ಕೂತಲ್ಲಿ ಮಾತು ಸುರು ಮಾಡಿದ. ಅವನು ಹಾಗೆಯೇ, ಅನ್ನದ ಜೊತೆ ಮಾತು ಬೇಕು.

"ಅತ್ತಿಗೆ, ಆ ಬೆಂಕಿ ಲೋಕದ ಮುಂದಿನ ಪುಸ್ತಕ ಸಿಕ್ಕಿತು. ಭಾರೀ ಯುದ್ಧ ಮಾರಾಯ್ರೆ."

ನಾನು ಅಡುಗೆಮನೆಯಿಂದ ಸಾರು ತರುತ್ತಿದ್ದೆ. ಕಣ್ಣಿನಲ್ಲಿ ಸನ್ನೆ ಮಾಡಿದೆ, ಅವನು ನೋಡಲಿಲ್ಲ. ಅತ್ತೆ ಬಡಿಸುವ ಸೌಟು ಹಿಡಿದು ನಿಂತು "ಮುಸ್ಪೇಲಿನದ್ದಾ?" ಎಂದು ಕೇಳಿದರು. ಅವ್ವನಿಗೂ ಕಥೆ ಗೊತ್ತುಂಟೆಂದು ಅವನಿಗೆ ಉಮೇದು ಬಂತು.

"ಅದೇ ಅವ್ವ. ಆ ಸುತ್ತಿಗೆಯವ ಉಂಟಲ್ಲ, ಬೆಂಕಿಯವರನ್ನೆಲ್ಲ ಒಳಗೆ ಓಡಿಸಿ, ಒಂದು ದೊಡ್ಡ ಕಲ್ಲಿನ ಬಾಗಿಲು ಮುಚ್ಚಿ, ಮೇಲಿನಿಂದ ಗುಡ್ಡವನ್ನೇ ಬೀಳಿಸ್ತಾನೆ. ಮುಗೀತು. ಎಲ್ಲ ಒಳಗೇ."

"ಸಣ್ಣವೂ ಒಳಗೆಯಾ?"

"ಎಲ್ಲ" ಎಂದು ನಕ್ಕ. "ಒಬ್ಬರನ್ನೂ ಬಿಡಲಿಲ್ಲ."

ಅತ್ತೆ ಸೌಟನ್ನು ಪಾತ್ರೆಯಲ್ಲಿಟ್ಟರು. ಬಾವಿಕಟ್ಟೆಯ ಕಡೆ ಹೋಗಿ, ಯಾರಿಗೂ ಬೇಡದ ನೀರು ಸೇದತೊಡಗಿದರು. ಕೊಡಪಾನ ತುಂಬಿ ಚೆಲ್ಲುತ್ತಿದ್ದರೂ ಸೇದುತ್ತಲೇ ಇದ್ದರು.

ಅವನು ತಂದಿದ್ದ ಪುಸ್ತಕ ತೆಗೆದು ನಾನು ಕೊನೆಯ ಪುಟ ಓದಿದೆ. ಬಾಗಿಲು ಯುಗದ ಕೊನೆಯವರೆಗೆ ಮುಚ್ಚಿರುತ್ತದೆ ಎಂದು ಬರೆದಿತ್ತು. ಅದನ್ನೇ ಹಿಡಿದು ಅತ್ತೆಯ ಹತ್ತಿರ ಹೋಗಿ, "ಯುಗದ ಕೊನೆಗೆ ತೆರೀತದೆ ಅತ್ತೆ" ಎಂದೆ. "ಆಗಲಿ" ಎಂದರು. ಅದಾದ ಮೇಲೆ ಪುಸ್ತಕ ತಾ ಎಂದು ಅವರು ಕೇಳಲಿಲ್ಲ.

ಮೈದುನನಿಗೆ ಏನೋ ತಪ್ಪಿತೆಂದು ಗೊತ್ತಾಯಿತು, ಏನೆಂದು ತಿಳಿಯಲಿಲ್ಲ. ಎರಡು ದಿನ ನನ್ನ ಹಿಂದೆ ಮುಂದೆ ಸುಳಿದಾಡಿದ. ಕೊನೆಗೆ ಗಂಡನೇ ಅವನನ್ನು ಕರೆದುಕೊಂಡು ನೀರು ಹರಿಯುವ ತೋಡಿನ ಬದಿಗೆ ಹೋಗಿ ಎಲ್ಲವನ್ನೂ ಹೇಳಿದರು. ತಿರುಗಿ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ನಿಂತು ನನ್ನನ್ನು ಕೇಳಿದ: "ನನ್ನನ್ನು ಎತ್ತಿಕೊಂಡದ್ದಾ ಅತ್ತಿಗೆ?" "ತೊಟ್ಟಿಲಿನ ಮಗುವನ್ನು ಯಾವ ತಾಯಿಯಾದರೂ ಮೊದಲು ಎತ್ತುದು" ಎಂದೆ. ಅವನು ತಲೆಯಾಡಿಸಿದ. ರಜೆ ಬಾಕಿಯಿದ್ದರೂ ಆ ವಾರವೇ ಬೊಂಬಾಯಿಗೆ ಹೊರಟ. ಹೊರಡುವಾಗ ಅವ್ವನ ಕಾಲು ಮುಟ್ಟಿದ. ಯಾವತ್ತೂ ಮುಟ್ಟಿದವನಲ್ಲ. ಅವನಿಗೆ ಎಲ್ಲ ತಿಳಿಯಿತೆಂದು ಅತ್ತೆಗೆ ಆಗಲೇ ಗೊತ್ತಾಗಿರಬೇಕು.

ಬೊಂಬಾಯಿಯಲ್ಲಿ ಅವನು ಆ ಬಾಗಿಲು ತೆರೆಯುವ ಪುಸ್ತಕವನ್ನು ಹುಡುಕಿದ. ಹಡಗಿನವರನ್ನು ಕೇಳಿದ, ಬೀದಿ ಬದಿಯ ಹಳೆ ಪುಸ್ತಕದವರ ರಾಶಿಯೊಳಗೆ ಕೈ ಹಾಕಿದ. ಒಂದು ಬೇಸಿಗೆ ಊರಿಗೆ ಬರಲೇ ಇಲ್ಲ. ಅದರ ಮುಂದಿನ ಬೇಸಿಗೆಗೆ ಬಂದ. ರಟ್ಟು ಹರಿದ ಒಂದು ಪುಸ್ತಕ ತಂದಿದ್ದ. ಮುಸ್ಪೆಲ್‌ಹೈಮ್ ಅದರಲ್ಲಿ ಮತ್ತೆ ಇತ್ತು, ಮೊದಲಿಗಿಂತ ದೊಡ್ಡದಾಗಿ. ಬಾಗಿಲು ಹೇಗೆ ತೆರೆಯಿತು ಎನ್ನುವುದು ಹರಿದ ಪುಟಗಳಲ್ಲಿ ಹೋಗಿತ್ತೋ ಏನೋ.

ಅವನು ಅತ್ತೆಯ ಪಕ್ಕ ಕೂತು ಪುಟ ತೆರೆದ. "ಅವ್ವ, ನೋಡಿ. ಆ ಲೋಕ ಉಂಟು. ಮುಚ್ಚಿಲ್ಲ. ನಾನು ಅವತ್ತು ಅರ್ಧ ಗೊತ್ತಿದ್ದು ಹೇಳಿದ್ದು."

ಅತ್ತೆ ಚಿತ್ರವನ್ನು ನೋಡಿದರು. ಪುಸ್ತಕವನ್ನು ಮೆಲ್ಲಗೆ ಅವನ ತೊಡೆಯ ಮೇಲಿಟ್ಟರು. "ಕಥೆ ಅಂತ ನಂಗೆ ಗೊತ್ತಿಲ್ಲದೆ ಅಲ್ಲ ಮಗ. ಈ ಮನೆಯಲ್ಲಿ ಅವಳ ಸುದ್ದಿ ಯಾರೂ ಹೇಳ್ತಿರಲಿಲ್ಲ. ಇದನ್ನು ಓದುವಾಗ ಮಾತ್ರ ಹೇಳ್ಲಿಕ್ಕೆ ಆಗ್ತಿತ್ತು."

ನನ್ನ ಗಂಡ ಬಾಗಿಲ ಹತ್ತಿರ ನಿಂತಿದ್ದರು. ಮೈದುನ ಕೇಳಿದ: "ಅಕ್ಕ ಹೇಗಿದ್ದಳು ಅವ್ವ?"

ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವರನ್ನು ಯಾರೂ ಕೇಳಿರಲಿಲ್ಲ. ಅತ್ತೆ ಹೇಳತೊಡಗಿದರು. ಅವಳಿಗೆ ಕರುವಿನ ಕಿವಿ ಹಿಡಿದು ಮಾತಾಡುವ ಅಭ್ಯಾಸವಿತ್ತು. ಮೀನಿನ ಮುಳ್ಳು ತೆಗೆದು ಕೊಡಬೇಕಿತ್ತು. ಅಣ್ಣ ಶಾಲೆಗೆ ಹೋದರೆ ತಾನೂ ಹೋಗುತ್ತೇನೆಂದು ಅಂಗಳದ ಕೊನೆಯವರೆಗೆ ಓಡುತ್ತಿದ್ದಳು. ಹೇಳುತ್ತ ಹೇಳುತ್ತ ನಿಂತರು. ಕಣ್ಣು ಮುಚ್ಚಿದರು. ಏನನ್ನೋ ಕತ್ತಲೆಯಲ್ಲಿ ತಡಕುವವರ ಹಾಗೆ ಹುಬ್ಬು ಕೂಡಿಸಿದರು.

"ಮುಖ ಬರುದಿಲ್ಲ ಮಗ" ಎಂದರು. "ಉಳಿದದ್ದೆಲ್ಲ ಉಟ್ಟು. ಮುಖ ಎಲ್ಲಿಯೋ ಹೋಯಿತು."

ಆ ಕಾಲದಲ್ಲಿ ನಮ್ಮಂತಹ ಮನೆಗಳಲ್ಲಿ ಫೋಟೋ ಎಲ್ಲಿತ್ತು? ನನ್ನ ಗಂಡನನ್ನು ಕೇಳಿದರೆ ಅವರಿಗೂ ನೆನಪಿನಲ್ಲಿ ಉಳಿದದ್ದು ಒಂದು ಕೆಂಪು ಲಂಗ, ಅಷ್ಟೇ. ಅಣ್ಣತಮ್ಮಂದಿರು ಅವ್ವನ ಎರಡು ಬದಿಗೆ ಕೂತರು. ಅತ್ತೆ ಅಳಲಿಲ್ಲ. ಮಾವನ ವಿಷಯ ಒಂದು ಮಾತು ಹೇಳಿದರು: "ಅವರಿಗೆ ನೆನಪು ಇದ್ದಿರಬಹುದು. ಒಂದು ದಿನ ಕೇಳಬೇಕಿತ್ತು ನಾನು."

ಅದರ ನಂತರ ಅತ್ತೆ ಕೆಲವು ವರ್ಷ ಬದುಕಿದ್ದರು. ಮಗಳ ಸುದ್ದಿಯನ್ನು ಬಂದವರ ಹತ್ತಿರ ಹೇಳುತ್ತಿದ್ದರು, ಆದರೆ ಅವಳನ್ನು ಕಂಡು ಗೊತ್ತಿದ್ದವರು ಕಡಿಮೆಯಾಗಿದ್ದರು. ಮೈದುನ ಬೊಂಬಾಯಿ ಬಿಟ್ಟು ಉಪ್ಪಿನಂಗಡಿಯಲ್ಲಿ ಸಣ್ಣ ಹೋಟೆಲು ಇಟ್ಟ. ನೆಂಟರ ಮದುವೆಗಳಲ್ಲಿ ಊಟಕ್ಕೆ ವಯಸ್ಸಾದ ಹೆಂಗಸರ ಪಕ್ಕ ಹೋಗಿ ಕೂತು, ಅಕ್ಕನ ಮುಖ ಹೇಗಿತ್ತೆಂದು ಕೇಳುವನು. ಕಡಬದಲ್ಲಿದ್ದ ಮಾವನ ತಂಗಿ ಒಮ್ಮೆ ಅವನಿಗೆ, ಅವಳದ್ದು ದುಂಡು ಮುಖ, ಅವ್ವನ ಹಾಗೆಯೇ, ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು, "ಅಲ್ಲ ಮಾರಾಯ್ತಿ, ಉದ್ದ ಮುಖ, ಅಪ್ಪನ ಹಾಗೆ" ಎಂದರು. ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದರು. ಮೈದುನ ಇಬ್ಬರ ಬಾಯನ್ನೂ ನೋಡುತ್ತ, ಕೈ ತೊಳೆಯುವುದನ್ನೂ ಮರೆತು ಕೂತಿದ್ದ.