ಎಮ್ಮೆಯ ಹಗ್ಗ ಯಾರ ಪಾಲಿಗೆ

ಮನೆಮಗಳಿಗೆ ತವರಲ್ಲಿ ಪಾಲಿಲ್ಲ. ಪಾಲಿಲ್ಲದ್ದರಿಂದ ಪಕ್ಷಪಾತವೂ ಇಲ್ಲ ಎಂದು ನಮ್ಮವರ ನಂಬಿಕೆ. ಹಾಗಾಗಿ ಹಿಸ್ಸೆಯ ದಿನ ಅವಳನ್ನು ಕರೆಸುತ್ತಿದ್ದರು. ಸಾಮಾನುಗಳನ್ನು ಗುಂಪು ಮಾಡಿಟ್ಟು, ಯಜಮಾನ ಒಂದೊಂದಕ್ಕೂ ಕೋಲು ಮುಟ್ಟಿಸಿ "ಇದು ಯಾರಿಗೆ?" ಎಂದು ಕೇಳಬೇಕು. ಗೋಡೆಗೆ ಮುಖ ಮಾಡಿ ಕೂತ ಮನೆಮಗಳು ಒಬ್ಬರ ಹೆಸರು ಹೇಳಬೇಕು. ಅವಳ ಬಾಯಿಂದ ಬಂದದ್ದಕ್ಕೆ ಯಾರೂ ಎದುರಾಡುವಂತಿಲ್ಲ.

ಯುದ್ಧದ ಕಾಲದಲ್ಲಿ ನಿಟ್ಟೂರಿನ ಹತ್ತಿರದ ನನ್ನ ತವರು ಮೂರು ಪಾಲಾಯಿತು. ದೊಡ್ಡಣ್ಣನದು ಒಂದು, ಚಿಕ್ಕಣ್ಣನದು ಒಂದು, ಜ್ವರದಲ್ಲಿ ತೀರಿಕೊಂಡ ತಮ್ಮನ ಹೆಂಡತಿ ಮತ್ತವಳ ಕೂಸಿನದು ಒಂದು. ನಾನು ಕೋಣಂದೂರಿನ ಗಂಡನ ಮನೆಯಿಂದ ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಹತ್ತಿ, ಮುಖವೆಲ್ಲ ಮಸಿ ಮಾಡಿಕೊಂಡು ಬಂದಿಳಿದೆ.

ಹಂಡೆ, ಕೊಪ್ಪರಿಗೆ, ನೇಗಿಲುಗಳನ್ನು ಹೇಗೋ ಸರಿದೂಗಿಸಿದರು. ಕರೆಯುವ ಎಮ್ಮೆ ಮಾತ್ರ ಒಂದೇ. ಅದನ್ನೇನು ಮೂರು ತುಂಡು ಮಾಡುವುದೇ? ಅದರ ಹಗ್ಗವನ್ನು ಒಂದು ಗುಂಪಿನ ಮೇಲಿಟ್ಟರು. ಗಂಡ ಸತ್ತ ಮೇಲೆ ತಮ್ಮನ ಹೆಂಡತಿಯ ಎದೆಹಾಲು ಬತ್ತಿಹೋಗಿತ್ತು. ಕೂಸಿಗೆ ಆ ಎಮ್ಮೆಯ ಹಾಲೇ ಗತಿ. ಅವಳಿಗೇ ಬಿಟ್ಟುಕೊಡಿ ಎಂದು ಊರಿನ ಹಿರಿಯರೊಬ್ಬರು ಹೇಳಿಯೂ ನೋಡಿದರು. ಅವಳೇ ಒಪ್ಪಲಿಲ್ಲ.

"ದಾನ ಬ್ಯಾಡ. ಅತ್ತಿಗಮ್ಮನ ಬಾಯಲ್ಲಿ ನನ್ನ ಪಾಲಿಗೆ ಅಂತ ಬಂದ್ರೆ ಇಟ್ಕಳ್ತೀನಿ" ಎಂದು ನನ್ನ ಕಡೆ ನೋಡಿದಳು.

ಅಷ್ಟು ಹೊತ್ತಿಗಾಗಲೇ ಮನೆಯ ಯಜಮಾನನಾದ ದೊಡ್ಡಣ್ಣ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು ಮಾತಾಡಿ ಮುಗಿಸಿದ್ದ.

"ಕೋಲು ಮೊದ್ಲು ಹಗ್ಗಕ್ಕೇ ಮುಟ್ಟಿಸ್ತೀನಿ. ನೀ ಮೊದ್ಲು ನನ್ ಹೆಸ್ರು ಹೇಳು, ಅಷ್ಟೇ. ನಾಳೆ ಹಬ್ಬಕ್ಕೆ ನಿನ್ನ ಕರ್ಯೋದು ಯಾರು, ಅವ್ಳಾ?"

ಹಿರಿಯನ ಹೆಸರು ಮೊದಲು ಹೇಳುವುದರಲ್ಲಿ ತಪ್ಪೇನಿದೆ, ಸುಳ್ಳಂತೂ ಹೇಳುತ್ತಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಒಳಗಿದ್ದದ್ದು ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ. ಎಂಥ ಹೇಡಿ ನಾನು! ಗೋಡೆಗೆ ಮುಖ ಮಾಡಿ ಕೂತೆ. ಹಿಂದೆ ಕೋಲು ತಾಗಿದ ಸದ್ದಾಯಿತು.

"ಇದು ಯಾರಿಗೆ?"

"ದೊಡ್ಡಣ್ಣಂಗೆ" ಎಂದೆ. ಯಾರಿಗೂ ಒಂದಿಷ್ಟೂ ಅನುಮಾನ ಬರಲಿಲ್ಲ.

ಆ ವರ್ಷ ಗೌರಿ ಹಬ್ಬಕ್ಕೆ ದೊಡ್ಡಣ್ಣ ಮರೆಯದೆ ಕರೆಸಿಕೊಂಡ. ಹೋಗಿ ಕೂತೊಡನೆ ಅವನ ಹೆಂಡತಿ ದೊಡ್ಡ ಲೋಟದಲ್ಲಿ ಬೆಲ್ಲ ಹಾಕಿದ ಬಿಸಿ ಹಾಲು ತಂದುಕೊಟ್ಟಳು. ನಾನು ಬಂದ ಸುದ್ದಿ ಕೇಳಿ ತಮ್ಮನ ಹೆಂಡತಿಯೂ ಕೂಸನ್ನೆತ್ತಿಕೊಂಡು ಬಂದಳು. ಕೂಸಿನ ಕೈಕಾಲು ಕಡ್ಡಿಯಾಗಿದ್ದವು. ಏನು ಕುಡಿಸುತ್ತೀಯೆಂದು ಕೇಳಿದೆ. ಕೇಳಲು ನಾಲಿಗೆಯಾದರೂ ಹೇಗೆ ಬಂತೋ!

"ಗಂಜಿ ತಿಳಿ. ದೊಡ್ಡ ಭಾವ ತಾವಾಗೇ ತಗಂಡಿದ್ರೆ ನಂಗೆ ಹೊಟ್ಟೆ ಉರೀತಿತ್ತು. ನಿಮ್ಮ ಬಾಯಿಂದ ಬಂತಲ್ಲ ಅತ್ತಿಗಮ್ಮ, ಬೇಜಾರಿಲ್ಲ" ಎಂದಳು.

ಆಗಲಾದರೂ ಹೇಳಬಹುದಿತ್ತು. ದೊಡ್ಡಣ್ಣನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕೂಸು ನನ್ನ ಲೋಟದ ಕಡೆ ಕೈಚಾಚಿತು. ನಾನು ಸೆರಗು ಮರೆಮಾಡಿಕೊಂಡು ಹಾಲನ್ನು ಪೂರ್ತಿ ಕುಡಿದೆ.