ಚಿಗವ್ವನ ಪಿತ್ತರಸ

ನನ್ನ ಕೆಲಸ ಏನೆಂದು ನಮ್ಮೂರು ಕುಬಿಹಾಳದಲ್ಲಿ ಯಾರಿಗೂ ತಿಳಿದಿಲ್ಲ. "ಅಕ್ಕಾರ, ಭಾಳ ಪಿತ್ತ ಆಗೇತ್ರಿ, ಒಂದ್ ಗುಳಿಗಿ ಕೊಡ್ರಿ" ಎಂದು ಬಾಗಿಲಿಗೆ ಬರುತ್ತಾರೆ. ಗುಳಿಗೆ ನಾನೆಲ್ಲಿಂದ ತರಲಿ? ಆಪರೇಷನ್ನಿನಲ್ಲಿ ತೆಗೆದ ಪಿತ್ತಕೋಶದ ರಸವನ್ನು ಗಾಜಿನ ನಳಿಕೆಗೆ ತುಂಬಿ, ಎನ್‌ಎಂಆರ್ ಯಂತ್ರದ ದೊಡ್ಡ ಅಯಸ್ಕಾಂತದೊಳಗೆ ಇಳಿಸಿ, ಯಾವ ಪಿತ್ತಾಮ್ಲ ಎಷ್ಟಿದೆ ಎಂದು ಲ್ಯಾಬಿನ ಒಂದು ಅಧ್ಯಯನಕ್ಕಾಗಿ ನೋಡುತ್ತೇನೆ, ಅಷ್ಟೇ.

ಕೇಳಿ ತಿಳಿದುಕೊಂಡವಳು ಚಿಗವ್ವ ಒಬ್ಬಳೇ. ಅವ್ವನ ತಂಗಿ, ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು. ಅವಳಿಗೇ ಪಿತ್ತಕೋಶದಲ್ಲಿ ಹರಳಾದಾಗ, "ನಂದೂ ತಗೋ ಬೇ. ಇಷ್ಟ ದಿನ ನನ್ನ ಕೈಯಾಗಿನ ಸಿಹಿ ತಿಂದಿ, ಇನ್ನ ಕಹಿ ನೋಡು" ಎಂದು ನಕ್ಕಳು.

ಆಪರೇಷನ್ ದಿನ ಉಪವಾಸ ಇರಬೇಕೆಂದು ಡಾಕ್ಟರು ಹೇಳಿದ್ದರು. ನಮ್ಮೂರಲ್ಲಿ ಉಪವಾಸವೆಂದರೆ ಶೇಂಗಾ ಹಾಕಿದ ಸಾಬುದಾಣಿ ಖಿಚಡಿ. ಇವಳು ಡಬ್ಬಿ ಕಟ್ಟಿಕೊಂಡು ಬಂದು, ನಾನು ಔಷಧಿ ತರಲು ಹೋದಾಗ ತಿಂದು ಮುಗಿಸಿದ್ದಳು! ನನಗೆ ಪಿತ್ತ ನೆತ್ತಿಗೇರಿತು.

"ಖಿಚಡಿ ತಿಂದ್ರ ಉಪವಾಸ ಹೆಂಗ ಆಗತೈತಿ ಚಿಗವ್ವಾ?"

"ಮತ್ತ ರೊಟ್ಟಿ ತಿನ್ನಬೇಕಿತ್ತೇನ?" ಎಂದು ನನಗೇ ಜೋರು ಮಾಡಿದಳು. ಡಾಕ್ಟರು ಹಣೆ ಚಚ್ಚಿಕೊಂಡು ಆಪರೇಷನ್ ಮರುದಿನಕ್ಕೆ ಹಾಕಿದರು. ಎಲ್ಲ ಸುಸೂತ್ರವಾಯಿತು.

ನಮ್ಮ ನಳಿಕೆಗಳಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಅವಳ ರಸ ನೋಡಿ ಯಂತ್ರ ಹಾಳೆಯ ಮೇಲೆ ಬರೆದ ಗೆರೆಗಳಲ್ಲಿ ಗ್ಲೈಸಿನ್ ಕೂಡಿದ ಆಮ್ಲದ ಶಿಖರ ಎತ್ತರ, ಟೌರಿನ್ ಕೂಡಿದ್ದು ಗಿಡ್ಡ. ಆ ಹಾಳೆಯನ್ನು ಮನೆಗೆ ತಂದು ತೋರಿಸಿದೆ. "ಇದರಾಗ ನನ್ನ ಖಿಚಡಿ ಎಲ್ಲೈತಿ?" ಎಂದಳು.

ಹೋದ ಮಳೆಗಾಲದಲ್ಲಿ ಅವಳು ನಿದ್ದೆಯಲ್ಲೇ ಹೋದಳು. ಹೊಲದಲ್ಲಿ ಮಣ್ಣು ಕೊಟ್ಟೆವು. ಈಗ ಮನೆಯಲ್ಲಿ ನನ್ನನ್ನು ಬೈಯುವವರಿಲ್ಲ. ಅದೇ ದೊಡ್ಡ ಸಂಕಟ.

ಎನ್‌ಎಂಆರ್ ಯಂತ್ರ ರಸವನ್ನು ಖರ್ಚು ಮಾಡುವುದಿಲ್ಲ, ಇಳಿಸಿದ್ದು ಇಳಿಸಿದ ಹಾಗೇ ಮರಳಿ ಬರುತ್ತದೆ. ಅವಳದೂ ಫ್ರೀಜರಿನಲ್ಲಿತ್ತು. ನೆಲದ ಮೇಲೆ ಅವಳದೆಂದು ಉಳಿದದ್ದು ಅಷ್ಟೇ. ಅಧ್ಯಯನ ಮುಗಿದಿದೆ, ಎಲ್ಲ ಮಾದರಿಗಳನ್ನೂ ನಾಶ ಮಾಡಿ ಎಂದು ಮೇಲಿನವರು ಹೇಳಿದಾಗ ಉಳಿದವನ್ನೆಲ್ಲ ಸುಡಲು ಕಳಿಸುವ ಹಳದಿ ಚೀಲಕ್ಕೆ ಹಾಕಿದೆ. ಅವಳದೊಂದನ್ನು ಹಾಕಲು ಕೈ ಬರಲಿಲ್ಲ. ಕರಗಿಸಿ, ಮತ್ತೊಮ್ಮೆ ಯಂತ್ರಕ್ಕೆ ಇಳಿಸಿದೆ. ಪರದೆಯ ಮೇಲೆ ಅದೇ ಎತ್ತರ, ಅದೇ ಗಿಡ್ಡ.

"ಇದು ಯಾವ ನಂಬರ್ರಿ?" ಬಾಜೂ ಕೂತಿದ್ದ ಸಹೋದ್ಯೋಗಿ ಕೇಳಿದಳು.

"ನಮ್ಮ ಚಿಗವ್ವಂದು" ಎಂದೆ.

ಅವಳು ಎದ್ದಳು. ಹಳದಿ ಚೀಲ ತಂದು ಬಾಯಿ ಅಗಲಿಸಿ ಹಿಡಿದಳು. ಹಾಕಿದೆ.

ಮನೆಗೆ ಬಂದು ಒಲೆ ಹಚ್ಚಲಿಲ್ಲ, ಒಂದು ತುತ್ತೂ ತಿನ್ನಲಿಲ್ಲ. ಚಿಗವ್ವ ಇದ್ದಿದ್ದರೆ ಇದನ್ನು ಉಪವಾಸ ಎಂದು ಒಪ್ಪುತ್ತಲೇ ಇರಲಿಲ್ಲ.