ಹೀಟರಕ್ಕನ ಮೇಜು

ಬೆಳಗಿನ ಆರು ಗಂಟೆ. ಗ್ಯಾರೇಜಿನ ಕಬ್ಬಿಣದ ಬಾಗಿಲು ಅರ್ಧ ಮಾತ್ರ ಮೇಲೆದ್ದಿದೆ. ಒಳಗೆ ಒಬ್ಬ ಹೆಂಗಸು ಬಾಗಿ ನೆಲ ಗುಡಿಸುತ್ತಿದ್ದಾರೆ. ಇಡೀ ನೆಲವನ್ನಲ್ಲ, ಹಳದಿ ಸ್ಕೂಲ್ ವ್ಯಾನೊಂದರ ಮುಂಬಾಗಿಲ ಕೆಳಗಿನ ನಾಲ್ಕು ಅಡಿ ಜಾಗವನ್ನು ಮಾತ್ರ. ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರ ಮೇಲೊಂದು ಹಳೆಯ ಬಿಳಿ ಬೆಡ್‌ಶೀಟು ಹಾಸುತ್ತಾರೆ. ಮೂಲೆ ಎಳೆದು ಸುಕ್ಕು ತೆಗೆಯುತ್ತಾರೆ. ಇವರ ಕೆಲಸದ ಬಗ್ಗೆ ಬರೆಯಲು ಬಂದ ನನ್ನ ಪಕ್ಕದಲ್ಲಿ ನಿಂತ ವ್ಯಾನಿನ ಡ್ರೈವರ್ ಎರಡು ಸಲ ಗಡಿಯಾರ ನೋಡಿಕೊಂಡರೂ ಆ ಕೈಗಳಿಗೆ ಅವಸರವಿಲ್ಲ.

"ಬಿದ್ದ ಸ್ಕ್ರೂ ಕಾಣಬೇಕಲ್ಲ," ಎನ್ನುತ್ತಾರೆ ಕೊನೆಗೆ. "ಒಂದೇ ಒಂದು ಸ್ಕ್ರೂ ಕಳೆದ್ರೂ ಡ್ಯಾಶ್‌ಬೋರ್ಡು ದಾರಿಯುದ್ದಕ್ಕೂ ಗೊಣಗುತ್ತೆ, ನಮ್ಮತ್ತೆ ಥರ."

ಊರಿನ ಡ್ರೈವರುಗಳು ಇವರನ್ನು ಕರೆಯುವುದು ಹೀಟರಕ್ಕ ಎಂದು. ವಯಸ್ಸು ನಲವತ್ತೊಂಬತ್ತು. ಹತ್ತೊಂಬತ್ತು ವರ್ಷಗಳಿಂದ ಇದೇ ಗ್ಯಾರೇಜಿನಲ್ಲಿ ಇವರ ಮುಖ್ಯ ಕೆಲಸ ಒಂದೇ: ನಿಂತುಹೋದ ಹೀಟರ್ ಫ್ಯಾನನ್ನು ಮತ್ತೆ ತಿರುಗಿಸುವುದು. ಬೇಸಿಗೆಯಲ್ಲಿ ಆ ಫ್ಯಾನಿನ ನೆನಪೂ ಯಾರಿಗೂ ಇರುವುದಿಲ್ಲ. ಚಳಿ ಶುರುವಾದರೆ ಕಥೆಯೇ ಬೇರೆ. ಅದು ಕಾಲು ಬೆಚ್ಚಗಿಡುವ ಸೌಕರ್ಯ ಮಾತ್ರವಲ್ಲ. ಒಳಗೆ ಕೂತವರ ಉಸಿರಿಗೆ ಮುಂದಿನ ಗಾಜು ಮಂಜಾಗುತ್ತದೆ, ಫ್ಯಾನು ಬಿಸಿಗಾಳಿ ದೂಡಿದರೆ ಮಾತ್ರ ತಿಳಿಯಾಗುತ್ತದೆ. ಫ್ಯಾನಿಲ್ಲದ ಗಾಡಿಗೆ ರಸ್ತೆ ಕಾಣುವುದಿಲ್ಲ.

ಈ ವ್ಯಾನಿನಲ್ಲಿ ದಿನವೂ ಹನ್ನೊಂದು ಮಕ್ಕಳು ಶಾಲೆಗೆ ಹೋಗುತ್ತಾರೆ. ಎಂಟು ದಿನದ ಹಿಂದೆ ಫ್ಯಾನು ಪೂರ್ತಿ ನಿಂತಿತ್ತು. ಹೀಟರಕ್ಕ ಅದರ ಮೋಟರು ಬಿಚ್ಚಿ, ಸವೆದ ಕಾರ್ಬನ್ ತುಂಡುಗಳನ್ನು ಬದಲಾಯಿಸಿ ಕೊಟ್ಟಿದ್ದರು. ನಿನ್ನೆ ಸಂಜೆ ವ್ಯಾನು ವಾಪಸು ಬಂದಿದೆ.

"ತಿರುಗುತ್ತೆ ಅಕ್ಕ, ಸದ್ದೂ ಜೋರಾಗಿದೆ. ಆದ್ರೆ ಗಾಳಿ ಗಾಜಿಗೆ ಮುಟ್ಟಲ್ಲ," ಎನ್ನುತ್ತಾರೆ ಡ್ರೈವರ್. "ನಿನ್ನೆ ಬೆಳಿಗ್ಗೆ ಮುಂದೆ ಕೂತಿದ್ದ ಪುಟ್ಟಿ ತನ್ನ ಸ್ಕಾರ್ಫಲ್ಲಿ ಗಾಜು ಒರೆಸ್ತಾ ಬಂದಳು. 'ಅಂಕಲ್, ಈಗ ಎಡಗಡೆ ಸೈಕಲ್ ಬರ್ತಿದೆ' ಅಂತ ಅವಳು ಹೇಳೋದು, ನಾನು ಓಡಿಸೋದು. ಎರಡನೇ ಕ್ಲಾಸಿನ ಹುಡುಗಿ ನನಗೆ ದಾರಿ ತೋರಿಸಿದಳು."

ಇವತ್ತು ಏಳೂವರೆಗೆ ಅವರು ಮೊದಲ ಮಗುವಿನ ಮನೆ ಮುಂದಿರಬೇಕು. ಹೀಟರಕ್ಕನಿಗೂ ಇವತ್ತು ಗಡುವಿದೆ. ಈ ವ್ಯಾನು ಇವತ್ತು ಸರಿಯಾಗದಿದ್ದರೆ ಇವರ ಮೇಜು ತೆಗೆಸುವುದಾಗಿ ಗ್ಯಾರೇಜಿನ ಯಜಮಾನರು ನಿನ್ನೆಯೇ ಹೇಳಿಬಿಟ್ಟಿದ್ದಾರೆ. ಈಗೆಲ್ಲ ಹೊಸ ಫ್ಯಾನು ಡಬ್ಬಿಯಲ್ಲೇ ಬರುತ್ತದೆ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರೆ ಆಯಿತು. ಕೂತು ಬಿಚ್ಚಿ ಕಟ್ಟುವುದಕ್ಕೆಂದು ಒಂದು ಮೇಜು ಯಾಕೆ? ಆ ಜಾಗದಲ್ಲಿ ಟೈರ್ ಬಿಚ್ಚುವ ಯಂತ್ರ ನಿಲ್ಲಿಸಬಹುದು. ವಾಪಸು ಬಂದ ಈ ವ್ಯಾನು ಅವರ ಮಾತಿಗೆ ಸಾಕ್ಷಿ ಹೇಳಿದಂತಾಗಿದೆ.

ಮೇಜು ದೊಡ್ಡದೇನಲ್ಲ. ಮೂರಡಿ ಉದ್ದ, ಒಂದು ಕಾಲಿನ ಕೆಳಗೆ ಮಡಚಿದ ರಟ್ಟು. ಹಳೆಯ ಬ್ಯಾಟರಿ, ಒಂದು ಬಲ್ಬು, ಹಲ್ಲುಜ್ಜುವ ಬ್ರಷ್ಷುಗಳು, ಜೊತೆಗೆ ಒಂದು ಸೀಸೆ ಕೆಂಪು ಉಗುರುಬಣ್ಣ.

ಇಲ್ಲಿಗೆ ಬರುವ ಮೊದಲು ಹೀಟರಕ್ಕ ಮೋಟರಿಗೆ ತಂತಿ ಸುತ್ತುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ಮೇಲೆ ಈ ಗ್ಯಾರೇಜಿಗೆ ಸೀಟು ತೊಳೆಯುವ ಕೆಲಸಕ್ಕೆ ಬಂದರು. ಒಂದು ದಿನ ಮೂವರು ಮೆಕ್ಯಾನಿಕ್‌ಗಳು ಒಂದು ಕಾರಿನ ಡ್ಯಾಶ್‌ಬೋರ್ಡಿನೊಳಗೆ ಕೈ ತೂರಿಸಲಾರದೆ ಬೈದಾಡುತ್ತಿದ್ದರು. ಕೈಯಲ್ಲಿದ್ದ ಸೋಪಿನ ಬಟ್ಟೆ ಕೆಳಗಿಟ್ಟು ಇವರು ಕೈ ಹಾಕಿದರು. ಹೊರಗೆ ಬಂದದ್ದು ಒಂದು ಮುಷ್ಟಿ ಒಣಗಿದ ಎಲೆ, ಇಲಿ ಕಟ್ಟಿದ ಹತ್ತಿಯ ಗೂಡು. ಫ್ಯಾನು ತಿರುಗಿತು.

"ನನಗೆ ಈಗಲೂ ಮಕ್ಕಳ ಅಳತೆಯ ಕೈಗವಸೇ ಆಗೋದು," ಎಂದು ಅಂಗೈ ಬಿಚ್ಚಿ ತೋರಿಸುತ್ತಾರೆ. "ಕಾರ್ಖಾನೇಲಿ ಎಲ್ರೂ ನಗೋರು. ಇಲ್ಲಿ ಅದೇ ಅನ್ನ ಕೊಡ್ತು."

ಚಳಿಗಾಲದಲ್ಲಿ ದಿನಕ್ಕೆ ಐದಾರು ಗಾಡಿ, ಬೇಸಿಗೆಯಲ್ಲಿ ವಾರಕ್ಕೆ ಒಂದು ಬಂದರೆ ಹೆಚ್ಚು. ಆಗ ಮತ್ತೆ ಸೀಟು ತೊಳೆಯುತ್ತಾರೆ. "ಹತ್ತು ಗಾಡೀಲಿ ನಾಲ್ಕಕ್ಕೆ ಬರೀ ಫ್ಯೂಸು, ಇಲ್ಲಾ ಸಡಿಲ ತಂತಿ. ಇನ್ನೊಂದು ಮೂರಕ್ಕೆ ವೇಗ ಹೆಚ್ಚು ಕಡಿಮೆ ಮಾಡೋ ಸಣ್ಣ ತುಂಡು ಸುಟ್ಟಿರುತ್ತೆ. ಮೋಟರೇ ಸತ್ತಿರೋದು ಅಪರೂಪ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?"

ಬೆಡ್‌ಶೀಟಿನ ಮೇಲೆ ಮಂಡಿಯೂರಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ ಒಂಬತ್ತು ಸ್ಕ್ರೂ ಬಿಚ್ಚುತ್ತಾರೆ. ಒಂದೂ ಬೀಳುವುದಿಲ್ಲ. ಮೋಟರನ್ನು ಮೇಜಿಗೆ ತಂದು ಬ್ಯಾಟರಿಗೆ ಸೇರಿಸುತ್ತಾರೆ. ಫ್ಯಾನು ಸೊಗಸಾಗಿ ತಿರುಗುತ್ತದೆ. ಡ್ರೈವರ್ ನನ್ನ ಮುಖ ನೋಡುತ್ತಾರೆ, ನನಗೂ ಏನೂ ಗೊತ್ತಾಗುವುದಿಲ್ಲ. ಹೀಟರಕ್ಕ ತಂತಿ ಬಿಡಿಸಿ, ಫ್ಯಾನಿನ ಒಂದು ರೆಕ್ಕೆಗೆ ಉಗುರುಬಣ್ಣದ ಚುಕ್ಕೆ ಇಟ್ಟು, ಒಣಗುವವರೆಗೆ ಊದಿ, ತಂತಿಯನ್ನು ಮತ್ತೆ ಹೀಗೆ ಮುಟ್ಟಿಸಿ ಹಾಗೆ ತೆಗೆಯುತ್ತಾರೆ. ಕೆಂಪು ಚುಕ್ಕೆ ನಿಧಾನವಾಗಿ ಒಂದು ಸುತ್ತು ಬರುತ್ತದೆ.

"ಹಿಂದಕ್ಕೆ ತಿರುಗ್ತಿದೆ," ಎನ್ನುತ್ತಾರೆ ಮೆಲ್ಲಗೆ.

ಈ ಬಗೆಯ ಫ್ಯಾನು ಉಲ್ಟಾ ತಿರುಗಿದರೂ ಗಾಳಿ ಬರುತ್ತದೆ, ಆದರೆ ಅದರಲ್ಲಿ ಕಸುವಿರುವುದಿಲ್ಲ. ಮೋಟರಿನ ಹೊರಕವಚದೊಳಗೆ ಎರಡು ಆಯಸ್ಕಾಂತಗಳಿವೆ. ಬಿಚ್ಚಿ ಮತ್ತೆ ಮುಚ್ಚುವಾಗ ಕವಚ ಅರ್ಧ ಸುತ್ತು ಆಚೆಗೆ ಕೂತರೆ ಮೋಟರು ಹಿಂದಕ್ಕೆ ತಿರುಗುತ್ತದೆ. ಅದಕ್ಕೇ ಬಿಚ್ಚುವ ಮೊದಲು ಕವಚಕ್ಕೂ ಮುಚ್ಚಳಕ್ಕೂ ಸೇರಿಸಿ ಒಂದು ಗುರುತು ಎಳೆಯಬೇಕು. ಅವರ ಗುರುತು ಯಾವಾಗಲೂ ಮಗಳ ಉಗುರುಬಣ್ಣದ್ದು. ಪೆಟ್ರೋಲಿನಲ್ಲಿ ಒರೆಸಿದರೂ ಅದು ಹೋಗುವುದಿಲ್ಲ.

"ಆವತ್ತು ಮಗಳು ಗೆಳತಿ ಮದುವೆಗೆ ಅಂತ ಸೀಸೆ ತಗೊಂಡು ಹೋಗಿದ್ದಳು. ಸೀಮೆಸುಣ್ಣದಲ್ಲಿ ಗೀಟು ಹಾಕಿದೆ. ಆಮೇಲೆ ನಾನೇ ಬಟ್ಟೆ ತಗೊಂಡು ಚೆನ್ನಾಗಿ ಒರೆಸಿದ್ದೀನಿ, ಶುದ್ಧ ಮಾಡೋ ಚಟ ನೋಡಿ. ತಿರುಗ್ತಾ ಅಂತ ನೋಡಿದೆ. ಯಾವ ಕಡೆಗೆ ಅಂತ ನೋಡಲಿಲ್ಲ."

ಡ್ರೈವರ್ ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸುತ್ತಾರೆ. "ಬಿಡಿ ಅಕ್ಕ. ಮೋಟರೇ ಸರಿ ಇರಲಿಲ್ಲ ಅಂದುಬಿಡಿ. ನಾನೂ ಹೂಂ ಅಂತೀನಿ. ಯಜಮಾನ್ರಿಗೆ ಹೇಗೆ ಗೊತ್ತಾಗುತ್ತೆ?"

"ಮೋಟರಿಗೆ ಬಾಯಿಲ್ಲ ಅಂತ ಅದರ ಮೇಲೆ ಹಾಕ್ಲಾ?"

ಕವಚ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಕೂರಿಸುತ್ತಾರೆ. ಈ ಸಲ ಕೆಂಪು ಗೀಟು ಎಳೆಯುತ್ತಾರೆ, ಒಂದಲ್ಲ ಎರಡು. ಒಂಬತ್ತು ಸ್ಕ್ರೂ ಮತ್ತೆ ಒಳಗೆ ಹೋಗುವ ಹೊತ್ತಿಗೆ ಏಳು ಗಂಟೆ. ಯಜಮಾನರು ಬಂದು ಬಾಗಿಲನ್ನು ಪೂರ್ತಿ ಮೇಲೆತ್ತುತ್ತಾರೆ.

"ಏನಂತೆ? ಹೊಸದು ತರಿಸ್ಲಾ?"

"ಬೇಡ ಅಣ್ಣ. ಮೋಟರು ಸರಿಯಾಗೇ ಇತ್ತು. ನಾನು ಉಲ್ಟಾ ಮುಚ್ಚಿದ್ದೆ. ತಪ್ಪು ನಂದೇ."

ಯಜಮಾನರು ಹುಬ್ಬು ಗಂಟಿಕ್ಕುತ್ತಾರೆ. ಡ್ರೈವರ್ ನೆಲ ನೋಡುತ್ತಾರೆ.

ಎಂಜಿನ್ ಬಿಸಿಯಾಗುವವರೆಗೆ ಕಾದ ಮೇಲೆ ಹೀಟರಕ್ಕ ಎಲ್ಲರನ್ನೂ ವ್ಯಾನಿಗೆ ಹತ್ತಿಸುತ್ತಾರೆ. ಯಜಮಾನರು ಮುಂದಿನ ಸೀಟಿಗೆ, ಸ್ಕಾರ್ಫಿನ ಹುಡುಗಿ ಕೂರುವ ಜಾಗಕ್ಕೆ. ನಾನು, ಹೀಟರಕ್ಕ ಹಿಂದೆ. ಬಾಗಿಲು ಮುಚ್ಚುತ್ತದೆ. "ಈಗ ಎಲ್ರೂ ಗಾಜಿನ ಕಡೆಗೆ ಬಾಗಿ ಬಾಯಿ ತೆರೆದು ಉಸಿರು ಬಿಡಿ."

"ನನ್ನನ್ನೇನು ಸ್ಕೂಲ್ ಮಗು ಅಂದ್ಕೊಂಡ್ಯಾ?" ಎನ್ನುತ್ತಾರೆ ಯಜಮಾನರು.

"ಹನ್ನೊಂದು ಮಕ್ಕಳ ಉಸಿರು ನೀವೊಬ್ರೇ ಬಿಡ್ತೀರಿ ಅಣ್ಣ, ದಿನಾ ಬೈಯೋದ್ರಲ್ಲಿ ಅಭ್ಯಾಸ ಇದೆ."

ಡ್ರೈವರ್ ನಗು ತಡೆಯಲಾರದೆ ಕೆಮ್ಮುತ್ತಾರೆ. ಎಲ್ಲರೂ ಊದುತ್ತೇವೆ. ಗಾಜು ಬೆಳ್ಳಗಾಗುತ್ತದೆ, ಹೊರಗಿನ ಗ್ಯಾರೇಜು ಮಾಯವಾಗುತ್ತದೆ. ಡ್ರೈವರ್ ಫ್ಯಾನಿನ ಗುಂಡಿ ತಿರುಗಿಸುತ್ತಾರೆ. ಮೊದಲು ಗಾಜಿನ ಬುಡದಲ್ಲಿ ಎರಡು ಸಣ್ಣ ಅರ್ಧಚಂದ್ರ. ಅವು ಮೇಲಕ್ಕೆ ಬೆಳೆದು ಒಂದಕ್ಕೊಂದು ಸೇರುತ್ತವೆ. ಗೋಡೆ ಕಾಣುತ್ತದೆ. ಬಲ್ಬು, ಬ್ಯಾಟರಿ, ರಟ್ಟು ಮಡಚಿಟ್ಟ ಕಾಲು, ಕೆಂಪು ಸೀಸೆ. ಇಡೀ ಮೇಜು ಎದುರಿಗೆ ಬಂದು ನಿಲ್ಲುತ್ತದೆ.

ಯಜಮಾನರು ಗಾಳಿಯ ಕಿಂಡಿಯ ಮುಂದೆ ಅಂಗೈ ಹಿಡಿದಿದ್ದಾರೆ. ತೆಗೆಯುವುದಿಲ್ಲ.

ಹೀಟರಕ್ಕ ಹಿಂದಿನ ಸೀಟಿನಿಂದ ಸ್ವಲ್ಪ ಮುಂದಕ್ಕೆ ಬಾಗುತ್ತಾರೆ. "ಅಣ್ಣ, ಮೇಜು ಅಲ್ಲೇ ಇರಲಿ."

ಫ್ಯಾನು ತಿರುಗುತ್ತಿದೆ. ಯಜಮಾನರು ಗಾಜಿನಾಚೆಯ ಮೇಜನ್ನು ನೋಡುತ್ತಾ ಹೂಂ ಎನ್ನುತ್ತಾರೆ.